ಜೋಡಿ ಜಿಲೇಬಿಯ ಅಪ್ಪಣೆ

ಇದನ್ನು ಹೇಳುವುದನ್ನು ನಾನು ಬಹಳ ವರ್ಷಗಳಿಂದ ಮುಂದಕ್ಕೆ ಹಾಕುತ್ತಲೇ ಬಂದಿದ್ದೇನೆ. ಕೆಲಸದ ಗಡಿಬಿಡಿ ಎಂದು ಒಂದಿಷ್ಟು ವರ್ಷ ಕಳೆದೆ, ಕಣ್ಣಿಗೆ ಪೊರೆ ಬಂದಿದೆ ಎಂದು ಇನ್ನೊಂದಿಷ್ಟು ವರ್ಷ ಕಳೆದೆ. ಈಗ ಪೊರೆ ತೆಗೆಸಿಯಾಗಿದೆ, ಪುರುಸೊತ್ತಂತೂ ರಾಶಿ ಬಿದ್ದಿದೆ. ನೆಪಗಳೆಲ್ಲ ಮುಗಿದದ್ದರಿಂದ ಹೇಳಿಯೇಬಿಡುತ್ತೇನೆ: ನಮ್ಮ ಸಣ್ಣತ್ತಿ ನಮ್ಮ ಮನೆಯ ಯಾರನ್ನೂ ಮನುಷ್ಯರೆಂದು ತಿಳಿದಿರಲಿಲ್ಲ.

ಹಾಗೆಂದು ಅವಳು ನಮ್ಮನ್ನು ಕೀಳಾಗಿ ಕಂಡಳೆಂದು ತಿಳಿಯಬೇಡಿ. ಅವಳ ಕಣ್ಣಿಗೆ ನಾವೆಲ್ಲ ಅಪ್ಪಣೆಗಳು, ಅಷ್ಟೇ. ಅವ್ವ ಒಂದು ಅಪ್ಪಣೆ, ಆಯಿ ಒಂದು ಅಪ್ಪಣೆ, ನಾನೂ ಒಂದು ಅಪ್ಪಣೆ. ಕೊಟ್ಟ ಕೆಲಸ ಮಾಡಬೇಕು, ಆಯಿತೋ ಇಲ್ಲವೋ ಬಂದು ಹೇಳಬೇಕು. ಇವೆರಡರಲ್ಲಿ ಎರಡನೆಯದು ಬಹಳ ಮುಖ್ಯ ಎನ್ನುತ್ತಿದ್ದಳು. ನನಗೆ ಅದು ಬಹಳ ತಡವಾಗಿ ತಿಳಿಯಿತು.

ಸಣ್ಣತ್ತಿ ಅಪ್ಪನ ಕೊನೆಯ ತಂಗಿ, ನನಗಿಂತ ಐದಾರು ವರ್ಷ ದೊಡ್ಡವಳು. ಸೊಲ್ಲಾಪುರದಲ್ಲಿ ತನ್ನ ಸೋದರಮಾವನ ಮನೆಯಲ್ಲಿದ್ದು ಓದಿ, ಗಣಿತದಲ್ಲಿ ಪದವಿ ಪಡೆದು, ಮುಂಬಯಿಯ ಒಂದು ದೊಡ್ಡ ಸಂಸ್ಥೆಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸಕ್ಕೆ ಸೇರಿದ್ದಳು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ವಿಜಾಪುರದ ಕಡೆಯ ನಮ್ಮ ಇಂಡಿ ಊರಿನಲ್ಲಿ ಕಂಪ್ಯೂಟರ್ ಎಂದರೆ ಏನೆಂದು ಯಾರಿಗೆ ಗೊತ್ತು? ಓಣಿಯ ರೇಡಿಯೊ ದುರಸ್ತಿಯವನನ್ನು ಕೇಳಿದರೆ, "ರೇಡಿಯೊನ, ಆದ್ರ ಹಾಡೂದಿಲ್ಲ," ಎಂದಿದ್ದ. ನಾವೆಲ್ಲ ಅದನ್ನೇ ನಂಬಿಕೊಂಡಿದ್ದೆವು.

ಆ ಬೇಸಿಗೆಯಲ್ಲಿ ಅವಳು ಒಂದು ತಿಂಗಳ ರಜೆಯ ಮೇಲೆ ಬಂದಳು. ನಮ್ಮ ಆಯಿ, ಎಂದರೆ ಅವಳ ತಾಯಿ, ಮೊದಲ ದಿನವೇ ವಿಚಾರಣೆ ಶುರು ಮಾಡಿದಳು.

"ಅಲ್ಲಿ ದಿನಾಲು ನೀ ಏನ್ ಮಾಡ್ತೀಯವಾ?"

"ಯಂತ್ರದ ಕೂಡ ಮಾತಾಡ್ತೇನಬೇ. ಅದರ ತಿರುಳು ಒಳಗಿರ್ತೈತಿ, ನಮ್ಮ ಮಾತು ಅದಕ್ಕ ನೇರ ಮುಟ್ಟೂದಿಲ್ಲ. ಅದರ ಸುತ್ತ ಒಂದು ಚಿಪ್ಪ ಇರ್ತೈತಿ. ಶೆಲ್ ಅಂತಾರ ಅದಕ್ಕ. ನಾವು ಚಿಪ್ಪಿಗೆ ಹೇಳೂದು, ಚಿಪ್ಪು ತಿರುಳಿಗೆ ಹೇಳೂದು."

ಆಯಿ ಅಪ್ಪನ ಕಡೆ ತಿರುಗಿದಳು. "ಹುಡುಗಿ ಟೆಂಗಿನಕಾಯಿ ಕೂಡ ಮಾತಾಡಾಕತ್ತೈತಿ. ಲಗೂನ ಲಗ್ನಾ ಮಾಡಪಾ."

ಅಪ್ಪ ಅವಳನ್ನು ಕರೆಸಿದ್ದೇ ಅದಕ್ಕೆ. ಸಣ್ಣತ್ತಿಗೂ ಲಗ್ನ ಬೇಡವೆಂದೇನೂ ಇರಲಿಲ್ಲ. "ಆಗ್ತೇನಣ್ಣಾ, ಯಾರು ಬ್ಯಾಡ ಅಂದಾರ? ಆದ್ರ ಲಗ್ನಾದ ಮ್ಯಾಲೂ ಆ ಕೆಲಸಾ ಮಾಡಾಕಿ. ಅದಕ್ಕ ಹೂಂ ಅಂದವರ ಮನಿಗೆ ಹೋಗ್ತೇನಿ," ಎಂದಳು. ನಗುನಗುತ್ತಲೇ ಹೇಳಿದಳು, ಆದರೆ ನಗುವಾಗಲೂ ಅವಳ ಬೆರಳುಗಳು ರೊಟ್ಟಿ ಬಡಿಯುವ ಕಲ್ಲಿನ ಅಂಚಿನ ಮೇಲೆ ಟೈಪು ಮಾಡುತ್ತಿದ್ದವು. ಯಂತ್ರವಿಲ್ಲದ ಊರಿನಲ್ಲಿ ಆ ಬೆರಳುಗಳಿಗೆ ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಆದ್ದರಿಂದ ಅವಳು ನಮ್ಮನ್ನೇ ಯಂತ್ರ ಮಾಡಿಕೊಂಡಳು.

ಅಡುಗೆಮನೆಯ ಗೋಡೆಯಲ್ಲಿ ಒಂದು ದೊಡ್ಡ ಕರಿಗಲ್ಲಿತ್ತು. ಅದರ ಮೇಲೆ ಖಡುವಿನಿಂದ, ಎಂದರೆ ಸೀಮೆಸುಣ್ಣದಿಂದ, ದಿನದ ಕೆಲಸಗಳನ್ನು ಬರೆಯುವಳು. ಕೆಲಸ ಬರೆಯುವುದರಲ್ಲಿ ವಿಶೇಷವೇನು? ವಿಶೇಷವಿದ್ದದ್ದು ಎರಡು ಕೆಲಸಗಳ ನಡುವೆ ಅವಳು ಹಾಕುತ್ತಿದ್ದ ಗುರುತುಗಳಲ್ಲಿ. ಆ ಗುರುತುಗಳಿಗೆ ಆಯಿ ಆಗಿಂದಾಗಲೇ ನಾಮಕರಣ ಮಾಡಿದಳು. | ಎನ್ನುವುದು ಕೋಲು. > ಎನ್ನುವುದು ಕೊಕ್ಕು. & ಎನ್ನುವುದನ್ನು ಕಂಡು, "ಇದು ಜಿಲೇಬಿ, ಹಾಕಾವನ ಕೈ ನಡುಗೈತಿ," ಎಂದಳು.

ಮೊದಲು ಕೋಲಿನ ಪಾಠವಾಯಿತು. ಒಬ್ಬರ ಕೈಯಿಂದ ಹೊರಬಿದ್ದದ್ದು ನೆಟ್ಟಗೆ ಇನ್ನೊಬ್ಬರ ಕೈಗೆ ಹೋಗಬೇಕು, ನಡುವೆ ಬುಟ್ಟಿ ಇಲ್ಲ, ಡಬ್ಬಿ ಇಲ್ಲ. ಜೋಳ ಹಸನು ಮಾಡುವ ದಿನ ನಮ್ಮನ್ನು ಪಡಸಾಲೆಯಲ್ಲಿ ಸಾಲಾಗಿ ಕೂಡಿಸಿದಳು. ನಾನು ನಿಂತು ಚೀಲದಿಂದ ಸುರುವಬೇಕು, ಅವ್ವ ಮರದಲ್ಲಿ ಕೇರಬೇಕು, ಆಯಿ ಕಲ್ಲು ಹಳ್ಳು ಆರಿಸಬೇಕು, ಸಣ್ಣತ್ತಿ ತುಂಬಬೇಕು. ಸ್ವಲ್ಪ ಹೊತ್ತು ಕೃಷ್ಣೆ ಹರಿದ ಹಾಗೆ ಹರಿಯಿತು. ಆಮೇಲೆ ಅವ್ವನ ಮುಂದೆ ಜೋಳದ ಗುಡ್ಡ ಬೆಳೆಯತೊಡಗಿತು. ಅವ್ವ ಕೈ ನಿಲ್ಲಿಸಿದಳು. ನಾನು ಚೀಲ ಹೊತ್ತು ಅರ್ಧ ಬಗ್ಗಿದವನು ಹಾಗೇ ನಿಂತೆ. ನೋಡಿದರೆ ಆಯಿ ಕೂತಲ್ಲೇ ನಿದ್ದೆ ಹೋಗಿದ್ದಳು.

ಬೇರೆ ಯಾರಾದರೂ ಆಗಿದ್ದರೆ ಮುದುಕಿಯನ್ನು ಎಬ್ಬಿಸುತ್ತಿದ್ದರು. ಸಣ್ಣತ್ತಿಗೆ ಮಾತ್ರ ಖುಷಿಯೋ ಖುಷಿ. "ನೋಡ್ರಿ, ನೋಡ್ರಿ, ಯಂತ್ರದಾಗೂ ಥೇಟ್ ಹಿಂಗ ಆಕ್ಕೈತಿ. ಮುಂದಿನಾಂವ ತಗೊಳ್ಳಿಲ್ಲಂದ್ರ ಹಿಂದಿನಾಂವ ಕಾಯ್ತಾನ."

ಅಂಗಡಿಯಿಂದ ಊಟಕ್ಕೆ ಬಂದ ಅಪ್ಪ ಈ ಮೆರವಣಿಗೆ ನೋಡಿ, "ಇದನ್ನ ಕಲಿಯಾಕ ಮುಂಬೈಕ ಹೋಗಬೇಕಿತ್ತೇನು? ನಮ್ಮವ್ವ ನೀ ಹುಟ್ಟೂಕಿಂತ ಮೊದಲಿಂದ ಜ್ವಾಳಾ ಹಸನ ಮಾಡಾಕತ್ತಾಳ," ಎಂದ.

"ಹೌದಣ್ಣಾ, ಆದ್ರ ಅವ್ವಗ ಪಗಾರ ಯಾರು ಕೊಟ್ರು?" ಎಂದಳು ಸಣ್ಣತ್ತಿ. ಅಪ್ಪ ಊಟಕ್ಕೆ ಕೂತ.

ಆಮೇಲೆ ಒಂಟಿ ಜಿಲೇಬಿ. ಕೆಲಸದ ಕೊನೆಗೆ ಅದನ್ನು ಹಾಕಿದರೆ ಆ ಕೆಲಸ ತನ್ನ ಪಾಡಿಗೆ ತಾನು ಹಿಂದೆ ನಡೆಯುತ್ತಿರುತ್ತದೆ, ನಾವು ಕಾಯದೆ ಮುಂದಿನದಕ್ಕೆ ಹೋಗಬೇಕು. "ಹಾಲು ಕಾಸು &" ಎಂದು ಬರೆದು ತಾನು ನನ್ನನ್ನು ಕಟ್ಟಿಕೊಂಡು ಹಿತ್ತಿಲಿಗೆ ನಡೆದಳು. ಹಿತ್ತಿಲಿನಲ್ಲಿ ಅವಳು ನನಗೆ ಒಂಟಿ ಜಿಲೇಬಿಯ ಮಹಿಮೆಯನ್ನು ವಿವರಿಸುತ್ತಿರುವಾಗ ಸೀದ ವಾಸನೆ ಬಂತು. ಸಣ್ಣತ್ತಿ ಮೂಗು ಏರಿಸಿ, "ಹಾಂ, ಹಿಂದಿನ ಕೆಲಸಾ ಮುಗೀತು," ಎಂದಳು. ಅವ್ವ ಒಲೆಯ ಮುಂದೆ ನಿಂತು ಹೇಳಿದ್ದು ಬೇರೆ. ಅದನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಕೊಕ್ಕಿನ ಪ್ರಕರಣ ಇನ್ನೂ ದೊಡ್ಡದು. ಒಂದು ಕೊಕ್ಕು ಹಾಕಿದರೆ ಪಾತ್ರೆಯಲ್ಲಿ ಮೊದಲಿದ್ದದ್ದನ್ನು ತೆಗೆದುಹಾಕಿ ಹೊಸದನ್ನು ತುಂಬಬೇಕು. ಎರಡು ಕೊಕ್ಕು ಹಾಕಿದರೆ ಇದ್ದದ್ದು ಇರಲಿ, ಅದರ ಮೇಲೆ ಹೊಸದನ್ನು ಸೇರಿಸಬೇಕು. ಮಾವಿನಕಾಯಿ ಉಪ್ಪಿನಕಾಯಿ ಹಾಕುವ ದಿನ ಅವಳು ಗಡಿಬಿಡಿಯಲ್ಲಿ ಒಂದೇ ಕೊಕ್ಕು ಬರೆದಳು. ನಾನು ಆಜ್ಞಾಧಾರಕ. ಹೋದ ವರ್ಷದ ಉಪ್ಪಿನಕಾಯಿಯನ್ನು, ಆಯಿ ತನ್ನ ಪ್ರಾಣದ ಹಾಗೆ ಕಾಯ್ದಿಟ್ಟದ್ದನ್ನು, ಭರಣಿಯಿಂದ ಬಳಿದು ಓಣಿಗೆಲ್ಲ ಹಂಚಿ ಬಂದೆ. ಓಣಿಯವರು ನನ್ನನ್ನು ಹರಸಿದರು. ಆಯಿ ಬಡಿಗೆ ತೆಗೆದುಕೊಂಡಳು.

"ಅವನ್ನ ಯಾಕ ಹೊಡಿತೀಬೇ? ನಾ ಬರದಂಗ ಮಾಡ್ಯಾನ," ಎಂದು ಸಣ್ಣತ್ತಿ ನಡುವೆ ಬಂದಳು.

"ನೀ ಬರದ್ರ ಇವನ ತಲ್ಯಾಗ ಏನ್ ಹೊಟ್ಟ ತುಂಬೈತೇನ?"

"ಅಪ್ಪಣಿಗೆ ತಲಿ ಇರೂದಿಲ್ಲಬೇ."

ನನ್ನನ್ನು ಉಳಿಸಲು ಅವಳು ಹೇಳಿದ ಆ ಮಾತು ನನಗೆ ಹೊಗಳಿಕೆಯಂತೆ ಕೇಳಿಸಿತು. ಆಗ ನನ್ನ ಬುದ್ಧಿ ಅಷ್ಟೇ ಇತ್ತು.

ಇವೆಲ್ಲಕ್ಕೂ ರಾಜ ಜೋಡಿ ಜಿಲೇಬಿ, &&. ಮೊದಲಿನ ಕೆಲಸ ಸರಿಯಾಗಿ ಆದರೆ ಮಾತ್ರ ಎರಡನೆಯದಕ್ಕೆ ಕೈ ಹಾಕಬೇಕು. ಆಗದಿದ್ದರೆ ಅಲ್ಲಿಗೇ ನಿಲ್ಲಬೇಕು. ಅದರ ತಮ್ಮ ಜೋಡಿ ಕೋಲು, ||. ಮೊದಲಿನದು ಕೆಟ್ಟರೆ ಮಾತ್ರ ಅದರ ಮುಂದಿನದನ್ನು ಮಾಡಬೇಕು. ಒಮ್ಮೆ ಅವಳು ಬರೆದಳು: ಸಿಂದಗಿ ಬಸ್ಸು ಹಿಡಿ && ದೊಡ್ಡಕ್ಕನ ಮನೆಗೆ ಹೋಗಿ ಹಪ್ಪಳದ ಹಿಟ್ಟು ತಾ. ನಾನು ಹೋಗುವಷ್ಟರಲ್ಲಿ ಸಿಂದಗಿ ಬಸ್ಸು ಧೂಳೆಬ್ಬಿಸಿ ಹೋಗಿತ್ತು. ಮೊದಲಿನದು ಕೆಟ್ಟಿತಲ್ಲ, ಇನ್ನು ಹಿಟ್ಟಿನ ಮಾತೆಲ್ಲಿ? ಟೂರಿಂಗ್ ಟಾಕೀಸಿಗೆ ಹೋಗಿ ಸಂಜೆ ಮನೆಗೆ ಬಂದೆ.

"ಮುಂದಿನ ಬಸ್ಸಿಗೆ ಹೋಗಬೇಕೋ ಬ್ಯಾಡೋ?" ಎಂದು ಅಪ್ಪ ಕೂಗಾಡಿದ.

"ಬಸ್ ತಪ್ಪಿದ್ರ ಏನ್ ಮಾಡಬೇಕಂತ ಬರದಿಲ್ಲಲ್ಲಪ್ಪಾ," ಎಂದೆ.

ಸಣ್ಣತ್ತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಖರೇನ ಐತಣ್ಣಾ, ಜೋಡಿ ಕೋಲು ಹಾಕೂದು ನಾ ಮರತೇನಿ."

ಕೆಲಸ ಆಯಿತೋ ಇಲ್ಲವೋ ಎಂದು ತಿಳಿಸುವುದಕ್ಕೂ ಒಂದು ರೀತಿ ಇತ್ತು. ಕೆಲಸ ಆದರೆ ಸೊನ್ನೆ, ಆಗದಿದ್ದರೆ ಒಂದು. ಶಾಲೆಯಲ್ಲಿ ಗಣಿತದ ಪರೀಕ್ಷೆಗಳಲ್ಲಿ ಸೊನ್ನೆಯ ಸಹವಾಸ ಚೆನ್ನಾಗಿದ್ದ ನನಗೆ ಇದು ಬಹಳ ಹಿಡಿಸಿತು. ನನ್ನ ಮಾಸ್ತರರು ಇದನ್ನು ತಿಳಿದಿದ್ದರೆ ನನ್ನ ಕಿವಿಗಳು ಇವತ್ತು ಇಷ್ಟು ಉದ್ದ ಇರುತ್ತಿದ್ದವೇ?

"ಗೆದ್ದಾಂವಗ ಸೊನ್ನಿ ಯಾಕ ಕೊಡ್ತಾರ?" ಎಂದು ಕೇಳಿದೆ.

"ಗೆದ್ರ ಏನೂ ಹೇಳೂದು ಇರೂದಿಲ್ಲೋ ತಮ್ಮಾ. ಸೋತ್ರ ಹೆಂಗ ಸೋತಿ ಅಂತ ಹೇಳಬೇಕಲ್ಲ, ಅದಕ್ಕ ಉಳಿದ ಅಂಕಿ ಎಲ್ಲಾ ಸೋತಾವರಿಗೆ ಬಿಟ್ಟಾರ," ಎಂದಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: "ಒಂದ ಅಂದ್ರ ಯಾರೂ ಬೈಯೂದಿಲ್ಲ. ಕೆಲಸಾ ಕೆಡೂದು ತಪ್ಪಲ್ಲ. ಕೆಟ್ಟದ್ದನ್ನ ಸೊನ್ನಿ ಅಂದ್ರ ಮಾತ್ರ ಮುಂದಿಂದೆಲ್ಲಾ ಸುಳ್ಳಿನ ಮ್ಯಾಲ ನಡೀತೈತಿ."

ಅಂದಿನಿಂದ ನಮ್ಮ ಮನೆಯಲ್ಲಿ ಯಾರು ಹೊರಗಿನಿಂದ ಬಂದರೂ ಹೊಸ್ತಿಲಲ್ಲಿ ನಿಂತು "ಸೊನ್ನಿ" ಎಂದು ಕೂಗಿ ಒಳಗೆ ಬರುವ ರೂಢಿಯಾಯಿತು. ಅಪ್ಪನೂ ಬಾಯಿ ತಪ್ಪಿ ಕೂಗುತ್ತಿದ್ದ. ಎದುರು ಮನೆಯಾಕೆ, ನಾವು ಕಾಕು ಎನ್ನುತ್ತಿದ್ದವಳು, ಇದನ್ನು ದಿನವೂ ಕೇಳಿ ಕೇಳಿ, ಅಂಗಡಿ ಮುಳುಗಿತೆಂದು ಕನಿಕರಪಟ್ಟು ಸೆರಗಿನಲ್ಲಿ ಶೇಂಗಾ ಮುಚ್ಚಿಕೊಂಡು ಬಂದು ಅವ್ವನ ಕೈಗಿಟ್ಟು, "ದಿನಾ ಹಿಂಗ ಇರೂದಿಲ್ಲವಾ, ಧೈರ್ಯಾ ತಗೋ," ಎಂದಳು. ಅವ್ವ ಯಂತ್ರದ ವಿಚಾರ ವಿವರಿಸಲು ಬಾಯಿ ತೆರೆದವಳು, ಯೋಚಿಸಿ, ಶೇಂಗಾವನ್ನು ಒಳಗಿಟ್ಟಳು.

ಇಷ್ಟರಲ್ಲಿ ಬಸವನ ಬಾಗೇವಾಡಿಯ ನೆಂಟರೊಬ್ಬರು ಸಂಬಂಧ ತಂದರು. ಮುದ್ದೇಬಿಹಾಳದ ಮನೆತನ. ಹುಡುಗ ಮುಂಬಯಿಯ ಬಟ್ಟೆ ಮಿಲ್ಲೊಂದರ ಕಚೇರಿಯಲ್ಲಿದ್ದಾನೆ. ಸಣ್ಣತ್ತಿಯ ಕಣ್ಣು ಅರಳಿತು. ಹುಡುಗನೂ ಮುಂಬಯಿ, ಯಂತ್ರವೂ ಮುಂಬಯಿ, ಇನ್ನೇನು ಬೇಕು? ಆದರೆ ಮಗ ಮುಂಬಯಿಯಲ್ಲಿದ್ದರೂ ಸೊಸೆಯನ್ನು ಊರಲ್ಲೇ ಇಟ್ಟುಕೊಳ್ಳುವ ಮನೆಗಳು ಆಗ ಬೇಕಾದಷ್ಟಿದ್ದವು.

"ಲಗ್ನಾದ ಮ್ಯಾಲ ಕೆಲಸಕ್ಕ ಕಳಸ್ತಾರೋ ಇಲ್ಲೋ ಮೊದಲ ಕೇಳಬೇಕಣ್ಣಾ," ಎಂದಳು.

"ಹೆಣ್ಣಿನ ಕಡೆಯಾಂವ ನಾ ಹೆಂಗ ಕೇಳ್ಲಿ? ಕೇಳಿದ್ರ ಎದ್ದ ಹೋಗ್ತಾರ," ಎಂದ ಅಪ್ಪ.

"ಹೋದ್ರ ಹೋಗ್ಲಿ. ನಾ ಹೊರಗ ಬಂದ ಕೂತ ಮ್ಯಾಲ ಹೋಗೂಕಿಂತ ಮೊದಲ ಹೋಗೂದು ಚಲೋ ಅಲ್ಲೇನು?"

ಕೊನೆಗೆ ಒಂದು ಒಪ್ಪಂದವಾಯಿತು. ಬಂದವರಿಗೆ ಕಾಲಿಗೆ ನೀರು ಕೊಡುವವನು ನಾನು. ಹುಡುಗನ ತಂದೆಯನ್ನು ಆಗ ಮೆಲ್ಲಗೆ ಕೇಳುವವನೂ ನಾನು. ಸಣ್ಣತ್ತಿ ಕರಿಗಲ್ಲಿನ ಮೇಲೆ ಬರೆದಳು: ಕೇಳು && ನಾನು ಚಹಾ ತರುತ್ತೇನೆ || ವೈನಿ ಚಹಾ ತರಲಿ. ವೈನಿ ಎಂದರೆ ನಮ್ಮ ಅವ್ವ, ಅವಳ ಅತ್ತಿಗೆ. ಅವರು ಒಪ್ಪಿದರೆ ನಾನು ಅಡುಗೆಮನೆಯ ಬಾಗಿಲಿಗೆ ಬಂದು ಸೊನ್ನೆ ಎನ್ನಬೇಕು. ಒಪ್ಪದಿದ್ದರೆ ಒಂದು ಎನ್ನಬೇಕು. ಒಂದು ಎಂದರೆ ಸಣ್ಣತ್ತಿಗೆ ತಲೆನೋವು, ಬಂದವರಿಗೆ ಮಂಡಕ್ಕಿಯ ಸುಸಲಾ, ಚಹಾ, ನಮಸ್ಕಾರ.

"ನೀನ ನನ್ನ ಜೋಡಿ ಜಿಲೇಬಿ, ತಮ್ಮಾ," ಎಂದು ನನ್ನ ತಲೆಯ ಮೇಲೆ ಮೊಟಕಿದಳು. ಅವಳ ಕೈಯ ಖಡು ನನ್ನ ಕೂದಲಿಗೆ ಹತ್ತಿತು.

ಅವರು ಬಂದರು. ನಾನು ತಂಬಿಗೆ ಹಿಡಿದು ಹುಡುಗನ ತಂದೆಯ ಕಾಲಿಗೆ ನೀರು ಹಾಕಿದೆ. ದೊಡ್ಡ ಮೀಸೆಯ, ದೊಡ್ಡ ನಗೆಯ ಮನುಷ್ಯ. ನಾನು ಬಾಯಿ ತೆರೆಯುವುದರೊಳಗೆ ಅವರೇ ಕೇಳಿದರು.

"ಎಷ್ಟ ಓದೀಯೋ?"

"ಎಸ್ಸೆಸ್ಸೆಲ್ಸಿ ಪಾಸಾಗೇನ್ರಿ."

"ಈಗೇನ್ ಮಾಡ್ತಿ?"

"ಅಪ್ಪನ ಅಂಗಡ್ಯಾಗ ಬೆಲ್ಲಾ ತೂಗ್ತೇನ್ರಿ."

"ಬೆಲ್ಲಾ ತೂಗಾಕ ಎಸ್ಸೆಸ್ಸೆಲ್ಸಿ ಬೇಕಾತೇನು? ನಮ್ಮ ಹುಡುಗನ ಮಿಲ್ಲಿನ್ಯಾಗ ನಿನ್ನಂಥಾವರನ್ನ ತಗೋತಾರ. ಈ ಸಂಬಂಧ ಕೂಡ್ಲಿ, ನಿನ್ನನ್ನೂ ಜೋಡಿಲೆ ಕರಕೊಂಡ ಹೋಗಾಕ ಹೇಳ್ತೇನಿ."

ಈ ಸಂಬಂಧ ಕೂಡಲಿ. ತಂಬಿಗೆ ನನ್ನ ಕೈಯಲ್ಲೇ ನಿಂತಿತು. ಮುಂಬಯಿ! ಬೆಲ್ಲದ ನೊಣ ಹೊಡೆಯುವ ಕೈಗೆ ಮುಂಬಯಿ. ಈಗ ಕೇಳಿದರೆ, ಅವರು ಮುಖ ಗಂಟು ಹಾಕಿದರೆ, ಎದ್ದು ಹೋದರೆ? ಕೇಳಬೇಕಾದದ್ದು ಒಂದೇ ವಾಕ್ಯ. ಅದು ನಾಲಿಗೆಯ ತುದಿಗೆ ಬಂದು ನಿಂತಿತ್ತು. ನಾನು ಅದನ್ನು ನುಂಗಿ, ಟವೆಲ್ಲು ಕೊಟ್ಟು, ನೆಟ್ಟಗೆ ಅಡುಗೆಮನೆಯ ಬಾಗಿಲಿಗೆ ಹೋಗಿ ಎಂದೂ ಇಲ್ಲದಷ್ಟು ಗಟ್ಟಿಯಾಗಿ ಹೇಳಿದೆ: "ಸೊನ್ನಿ!"

ಸಣ್ಣತ್ತಿ ಒಂದು ಗಳಿಗೆ ನನ್ನನ್ನು ನೋಡಿದಳು. ಆಮೇಲೆ ತಾಟು ಎತ್ತಿಕೊಂಡು ಹೊರಗೆ ಬಂದಳು.

ಸಂಬಂಧ ಕೂಡಿತು. ಮಳೆಗಾಲಕ್ಕೆ ಮುಂಚೆ ಲಗ್ನವೂ ಆಯಿತು. ಲಗ್ನವಾದ ಮೇಲೆ ಅವರ ಮನೆಯ ರೂಢಿಯಂತೆ ಸೊಸೆ ಮುದ್ದೇಬಿಹಾಳದಲ್ಲಿ ಉಳಿದಳು, ಮಗ ಮುಂಬಯಿಗೆ ಹೋದ. ಅವನ ಹಿಂದೆ ಟ್ರಂಕು ಹೊತ್ತು ಹೋದವನು ನಾನು. ಹುಡುಗನ ತಂದೆ ಮಾತಿಗೆ ತಪ್ಪಲಿಲ್ಲ. ಸಣ್ಣತ್ತಿ ಬಿಟ್ಟುಬಂದ ಮುಂಬಯಿಯಲ್ಲಿ ನಾನು ಕಚೇರಿ ಕಾರಕೂನನಾದೆ, ಅಲ್ಲಿಯ ಬೀದಿಗಳಲ್ಲಿ ಸಿಳ್ಳೆ ಹಾಕುತ್ತ ತಿರುಗಿದೆ. ನಾನು ಕೇಳಿದ್ದರೆ ಅವರು ಏನು ಹೇಳುತ್ತಿದ್ದರು? ಒಪ್ಪುತ್ತಿದ್ದರೋ ಏನೋ. ಒಪ್ಪುತ್ತಿರಲಿಲ್ಲವೋ ಏನೋ. ಅದು ಯಾರಿಗೂ ಗೊತ್ತಾಗದ ಹಾಗೆ ಮಾಡಿದವನು ನಾನು.

ಎರಡು ಮೂರು ವರ್ಷ ಏನೇನೋ ನೆಪ ಹೇಳಿ ಮುದ್ದೇಬಿಹಾಳದ ಕಡೆ ತಲೆ ಹಾಕಲಿಲ್ಲ. ಕೊನೆಗೆ ಅಪ್ಪ ಗದರಿಸಿದ ಮೇಲೆ ಹೋದೆ. ಬಾಡಿದ ಮುಖದ ಸೊಸೆಯೊಬ್ಬಳನ್ನು ನೋಡಬೇಕಾದೀತೆಂದು ದಾರಿಯುದ್ದಕ್ಕೂ ಅಂಜುತ್ತಲೇ ಹೋದೆ. ಅಂಗಳಕ್ಕೆ ಕಾಲಿಡುವಷ್ಟರಲ್ಲಿ ಒಳಗಿನಿಂದ ಯಾರೋ ಕೂಗಿದರು, "ಒಂದ! ಹಿಟ್ಟಿನ ಗಿರಣ್ಯಾಗ ಕರೆಂಟ್ ಇಲ್ಲ." ಇನ್ನೊಬ್ಬರು, "ಹಂಗಾರ ಜೋಡಿ ಕೋಲಿಂದ ನೋಡ್ರಿ, ಅನ್ನಕ್ಕ ಇಡ್ರಿ," ಎಂದರು. ಪಡಸಾಲೆಯಲ್ಲಿ ಅವಳ ಅತ್ತೆ, ನಾಲ್ಕೂರು ನಡುಗಿಸುವ ಹೆಂಗಸೆಂದು ಹೆಸರಾದವರು, ಜೋಳದ ಸಾಲಿನಲ್ಲಿ ನಡುವೆ ಕೂತು ಹಳ್ಳು ಆರಿಸುತ್ತಿದ್ದರು. ನನ್ನನ್ನು ನೋಡಿದವರೇ, "ಮೊದಲ ಕೈಕಾಲ ತೊಳಿ, ಆಮ್ಯಾಲ ಊಟಾ. ತೊಳೀಲಿಲ್ಲಂದ್ರ ಊಟಾ ಇಲ್ಲ. ಜೋಡಿ ಜಿಲೇಬಿ ಐತದು, ತಿಳೀತಿಲ್ಲೋ?" ಎಂದರು.

ಸಣ್ಣತ್ತಿ ದಪ್ಪಗಾಗಿದ್ದಳು. ನಗು ಹಾಗೇ ಇತ್ತು. ನನ್ನನ್ನು ಒಲೆಯ ಪಕ್ಕ ಕೂಡಿಸಿಕೊಂಡು ಬಿಸಿ ರೊಟ್ಟಿ ಹಾಕುತ್ತ ಮುಂಬಯಿಯ ಸುದ್ದಿ ಕೇಳಿದಳು. ಯಾವ ಬಸ್ಸು ಎಲ್ಲಿ ತಿರುಗುತ್ತದೆ, ತಾನು ಕೆಲಸ ಮಾಡಿದ ಕಟ್ಟಡದ ಮುಂದಿನ ಸಮುದ್ರ ಮಳೆಗಾಲದಲ್ಲಿ ಎಷ್ಟು ಮೇಲೆ ಬರುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ನಾನು ಹೂಂ, ಹೂಂ ಎನ್ನುತ್ತ ತಟ್ಟೆಯೊಳಗೆ ನೋಡುತ್ತಿದ್ದೆ.

ರೊಟ್ಟಿ ಮಗುಚಿ ಹಾಕಿ ಅವಳೆಂದಳು: "ಅವತ್ತ ನೀ ಕೇಳಿದ್ದಿಲ್ಲ."

ನಾನು ರೊಟ್ಟಿ ತಟ್ಟೆಗಿಟ್ಟೆ. "ಯಾವಾಗ ಗೊತ್ತಾತು?"

"ಆವಾಗನ ಗೊತ್ತಾತು. ಖರೇ ಕೆಲಸಾ ಮಾಡಿದಾಂವ ಅಷ್ಟ ಜೋರ್ ಒದರೂದಿಲ್ಲ."

"ಮತ್ತ... ಯಾಕ ಬಂದಿ ಹೊರಗ?"

"ನಾನ ಕೇಳೂಣಂತ ಬಂದೆ. ತಾಟ ಇಟ್ಟ ಕೇಳಬೇಕಂತ ಬಾಯಿ ತಗದೆ. ಅಷ್ಟ್ರಾಗ ಮಾವನವರು ನಿಮ್ಮಪ್ಪನ ಮುಂದ ಹೇಳಾಕತ್ತಿದ್ರು, ಹುಡುಗನ್ನ ಮುಂಬೈಕ ಕರಕೊಂಡ ಹೋಗ್ತೀವಿ ಅಂತ. ನೀ ಬಾಗಲದಾಗ ನಿಂತಿದ್ದಿ. ನಿನ್ನ ಮಾರಿ ನೋಡಿದೆ." ಅವಳು ಹಿಟ್ಟಿನ ಕೈಯ ಹಿಂಬದಿಯಿಂದ ಹಣೆಯ ಕೂದಲು ಸರಿಸಿಕೊಂಡಳು. "ಎಸ್ಸೆಸ್ಸೆಲ್ಸಿ ಪಾಸಾದ ದಿನಾನೂ ನಿನ್ನ ಮಾರಿ ಅಷ್ಟ ಹೊಳದಿದ್ದಿಲ್ಲೋ ತಮ್ಮಾ. ಕೇಳಾಕ ಆಗ್ಲಿಲ್ಲ."

ಒಲೆಯಲ್ಲಿ ಕಟ್ಟಿಗೆ ಚಟಪಟ ಎಂದಿತು. ಅವಳು ಮುಂದಿನ ಹಿಟ್ಟಿನ ಉಂಡೆಯನ್ನು ಕೈಗೆತ್ತಿಕೊಂಡಳು.

"ಇನ್ನೊಂದ ರೊಟ್ಟಿ ಹಾಕ್ಲೇನು?"

ತಪ್ಪಾಯಿತು ಎನ್ನಲು ಇದಕ್ಕಿಂತ ಒಳ್ಳೆಯ ಹೊತ್ತು ದೇವರು ಯಾರಿಗಾದರೂ ಕೊಡುತ್ತಾನೆಯೇ? ನಾನು "ಹಾಕು" ಎಂದೆ.

ಅದರ ನಂತರವೂ ಬಹಳ ಸಲ ಹೋದೆ, ಬಹಳ ಸಲ ಉಂಡೆ. ಮಿಲ್ಲು ಮುಚ್ಚಿ ಇಂಡಿಗೆ ಮರಳಿದ ಮೇಲಂತೂ ಹಬ್ಬಕ್ಕೊಮ್ಮೆ ಹೋಗುತ್ತಿದ್ದೆ. ಪ್ರತಿ ಸಲ ಇವತ್ತು ಹೇಳಬೇಕು ಎಂದುಕೊಂಡು ಹೋಗುವುದು, ಊಟ ಚೆನ್ನಾಗಿತ್ತು ಎಂದು ಹೇಳಿ ಬರುವುದು. ಈಗ ಹೋದರೆ ಆ ಒಲೆಯ ಮುಂದೆ ಬೇರೆಯವರು ಕೂತಿರುತ್ತಾರೆ.

ಮನೆಯಲ್ಲೆಲ್ಲ ಸಣ್ಣತ್ತಿ, ಸಣ್ಣತ್ತಿ ಎಂದೇ ಕರೆದು, ಅವಳಿಗಿದ್ದ ಹೆಸರನ್ನೇ ನಾವು ಬಳಸಲಿಲ್ಲ. ಮುಂಬಯಿಯ ಆ ಕಟ್ಟಡದಲ್ಲಿ ಮಾತ್ರ ಎಲ್ಲರೂ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದರಂತೆ. ಅದು ತನಗೆ ಬಹಳ ಸೇರುತ್ತಿತ್ತೆಂದು ಒಮ್ಮೆ ಹೇಳಿದ್ದಳು.

ಅವಳ ಹೆಸರು ಗಿರಿಜಾ.